ಬಿಡಕ್ಕ

ಮಾಟಗಾತಿ ಅಕ್ಕತಂಗಿಯರ ಆ ಧಾರಾವಾಹಿ ಮುಗಿದು ವಾರವಾಗುತ್ತ ಬಂದಿದ್ದರೂ ಕೊನೆಯ ಕಂತಿನಲ್ಲಿ ಚಿಕ್ಕವಳು ‘ಬಿಡಕ್ಕ’ ಅಂದದ್ದು ಏನನ್ನು ಎಂಬ ಜಗಳ ಹಲ್ಲು ಕಟ್ಟುವ ನೆಲಮಾಳಿಗೆಯಲ್ಲಿ ಇನ್ನೂ ಮುಗಿದಿರಲಿಲ್ಲ. ನೆಲಮಾಳಿಗೆ ಅಂದರೆ ಉದ್ದಕ್ಕೆ ಹಾಕಿದ ಒಂದು ಮೇಜು, ಮೇಜಿನ ಮೇಲೆ ತಲೆ ಬಗ್ಗಿಸಿದ ದೀಪಗಳು, ದೀಪಗಳ ಕೆಳಗೆ ಯಾರ್ಯಾರದೋ ದವಡೆಗಳ ಅಚ್ಚು. ಡಾಕ್ಟರುಗಳು ಬಾಯಿಯ ಅಳತೆ ತೆಗೆದು ಕಳಿಸಿದರೆ ಇಲ್ಲಿ ಅದಕ್ಕೆ ತಕ್ಕ ಹಲ್ಲು ತಯಾರಾಗುತ್ತಿತ್ತು. ಅಚ್ಚಿಗೆ ಗಾರೆ ಹೊಯ್ಯುವ ಹೆಂಗಸನ್ನು ಎಲ್ಲರೂ ಗಾರೆಯಮ್ಮ ಅನ್ನುತ್ತಿದ್ದರು, ಮೇಣದಲ್ಲಿ ಹಲ್ಲು ಜೋಡಿಸುವವನನ್ನು ಮೇಣದಪ್ಪ. ಕೊನೆಗೆ ತಂತಿಯ ಕೊಕ್ಕೆ ಕೂರಿಸಿ, ಮಸೆದು, ಹೊಳಪು ಕೊಟ್ಟು ಕಳಿಸುವವಳು ಇವಳು. ಇವಳಿಗೆ ಅಲ್ಲಿ ಬರೀ ಅಕ್ಕ ಎಂದೇ ಹೆಸರು. ‘ನಂದೇನ್ರೀ, ದಿನಾ ಹಲ್ಲು ಮಸೆಯೋದೇ ಕಸುಬು’ ಎಂದು ಹೊಸಬರ ಮುಂದೆ ತಮಾಷೆ ಮಾಡುವುದಿತ್ತು. ಇವತ್ತು ಆ ಮಾತು ತಮಾಷೆಯಾಗಿ ಕಾಣಲಿಲ್ಲ.

“ಕೈ ಬಿಡು ಅಂದಿದ್ದು ರೀ,” ಅಂದ ಮೇಣದಪ್ಪ, ಚಾಕುವಿನ ಮೊನೆಯನ್ನು ಉರಿಗೆ ಹಿಡಿದು. “ಗೋಪುರ ಕುಸೀತಾ ಇದೆ, ಅಕ್ಕನ ಕೈ ಹಿಡ್ಕೊಂಡು ಜೋತಾಡ್ತಿದ್ದಾಳೆ. ನಾನು ಹೋದ್ರೆ ಹೋಗ್ಲಿ, ನೀನಾದ್ರೂ ಉಳ್ಕೋ ಅಂತ. ತ್ಯಾಗ ಅದು.”

“ತ್ಯಾಗವಂತೆ, ನಿಮ್ಮ ತಲೆ! ಅಕ್ಕನ ಮಂತ್ರಾನ ಶತ್ರು ಕಿವೀಲಿ ಊದಿದ್ದು ಯಾರು? ಅದೇ ತ್ಯಾಗಮಯಿ ಅಲ್ವಾ? ತಪ್ಪಾಯ್ತು, ಸಿಟ್ಟು ಬಿಡು ಅಂತ ಬೇಡ್ಕೊಂಡ್ಲು. ಆ ದೊಡ್ಡವಳು ಸಿಟ್ಟು ಬಿಡೋ ಬದಲು ಕೈ ಬಿಟ್ಲು, ಪಾಪಿ.” ಗಾರೆಯಮ್ಮ ಬಟ್ಟಲಲ್ಲಿ ಗಾರೆ ಕಲಸುತ್ತಲೇ ಇವಳ ಕಡೆ ತಿರುಗಿದಳು. “ಅಕ್ಕಾ, ನೀವ್ ಹೇಳಿ.”

“ಬಿಡು ಅಂದ್ಲು, ಬಿಟ್ಲು. ಕೇಳಿದ್ದನ್ನ ಕೊಟ್ರೂ ತಪ್ಪಾ?” ಅಂದಳು ಇವಳು.

ಇಬ್ಬರೂ ನಕ್ಕರು. ‘ಅಕ್ಕ ಯಾವ ಪಕ್ಷಾನೂ ಅಲ್ಲ, ಅವರದ್ದೇ ಬೇರೆ ಪಕ್ಷ’ ಎಂದು ಮೇಣದಪ್ಪ ಫೋನನ್ನು ದೀಪದ ಕಂಬಕ್ಕೆ ಒರಗಿಸಿಟ್ಟ. ‘ಪೊರಕೆ ಪಂಚಾಯ್ತಿ’ ಶುರುವಾಯಿತು. ಧಾರಾವಾಹಿಯ ಒಂದೊಂದು ಕಂತನ್ನೂ ಎಳೆಎಳೆಯಾಗಿ ಬಿಡಿಸಿ, ಮೊದಲೇ ಮುದ್ರಿಸಿಟ್ಟುಕೊಂಡು ಫೋನಿಗೆ ಬಿಡುವ ಕಾರ್ಯಕ್ರಮ ಅದು. ನಡೆಸುವವಳು ತನ್ನನ್ನು ಗುಬ್ಬಿ ಎಂದು ಕರೆದುಕೊಳ್ಳುತ್ತಿದ್ದಳು. ಮುಖ ತೋರಿಸದ ಬರೀ ದನಿ. ಆ ದನಿಗೆ ಮನಸೋತವರು ಊರು ತುಂಬ ಇದ್ದರು, ಮೇಣದಪ್ಪನಂತೂ ಅವಳ ಭಕ್ತ. ಆ ಗುಬ್ಬಿ ತನ್ನ ಒಡಹುಟ್ಟಿದ ತಂಗಿ ಎಂದು ಇವಳು ಇಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಬೇಕು, ಜಂಬ ಕೊಚ್ಚಿಕೊಳ್ಳಬೇಕು ಎಂದು ಎಷ್ಟೋ ಸಲ ನಾಲಗೆಯ ತುದಿಗೆ ಬಂದಿತ್ತು. ಸದ್ಯ, ಹೇಳಿರಲಿಲ್ಲ.

ಗುಬ್ಬಿ ಹೇಳುತ್ತಿದ್ದಳು: ಚಿಕ್ಕವಳು ಬೇಡಿದ್ದು ಕ್ಷಮೆ, ಅದರಲ್ಲಿ ಅನುಮಾನವೇ ಇಲ್ಲ. ದೊಡ್ಡವಳಿಗೆ ಅದು ಅರ್ಥವಾಗಲಿಲ್ಲ ಅಷ್ಟೆ. ಬಿಡು ಅಂದರೆ ಕೈ ಬಿಡು ಎಂದೇ ತಿಳಿದಳು. ಅವಳ ಬುದ್ಧಿ ಓಡುವುದೇ ಅಷ್ಟು, ಪಾಪ. “ಏನನ್ನೂ ಬಿಡೋಕೆ ಬರ್ದೇ ಇರೋರು ಇರ್ತಾರೆ ನೋಡಿ, ಅವರಿಗೆ ಬಿಡು ಅಂದ್ರೆ ಏನಂತಾನೇ ತಿಳಿಯಲ್ಲ. ನಂಗೆ ತೀರಾ ಹತ್ತಿರದವರು ಒಬ್ರಿದ್ದಾರೆ. ಹಲ್ಲು ಮಾಡೋ ಕೆಲಸ. ಗಂಡನ ಮುಂದಿನ ಹಲ್ಲು ಹೋಗಿತ್ತು, ಇವರೇ ಕೂತು ಮಾಡಿಕೊಟ್ಟಿದ್ರು. ಆಮೇಲೆ ಅವನು ಇವರನ್ನ ಬಿಟ್ಟು ಇನ್ನೊಬ್ಬಳ ಜೊತೆ ಹೋದ. ಇವರು ಫೋನ್ ಮಾಡಿದ್ರು. ಬಾ ಅಂದ್ರಾ? ಹಾಳಾಗಿ ಹೋಗು ಅಂದ್ರಾ? ಊಹೂಂ. ‘ಹಲ್ಲು ವಾಪಸ್ ಕೊಡು’ ಅಂದ್ರು!”

ಮೇಣದಪ್ಪ ಚಾಕು ಕೆಳಗಿಟ್ಟು ನಕ್ಕ. ಗಾರೆಯಮ್ಮನ ಬಟ್ಟಲೇ ಅಲುಗಿತು. “ಅಯ್ಯಯ್ಯೋ, ಹಲ್ಲು ವಾಪಸ್ ಅಂತೆ! ನಮ್ಮ ಕಸುಬಿನೋಳೇ ಯಾರೋ! ಯಾರಿರ್ಬಹುದು ಅಕ್ಕಾ, ನಿಮಗೇನಾದ್ರೂ ಗೊತ್ತಾ?” ಎಂದ ಮೇಣದಪ್ಪ ಕಣ್ಣೊರೆಸಿಕೊಳ್ಳುತ್ತ. ಇವಳೂ ಹಲ್ಲು ಬಿಟ್ಟಳು. ಅವರಿಬ್ಬರಿಗಿಂತ ಜೋರಾಗಿಯೇ ನಕ್ಕಳು. “ಯಾರೋ ಹುಚ್ಚಿ,” ಅಂದಳು. ಅಂದವಳೇ ಮಸೆಯುವ ಯಂತ್ರದ ಗುಂಡಿ ಒತ್ತಿ, ಅದರ ಗಿರ್ರೆನ್ನುವ ಸದ್ದಿನೊಳಗೆ ಮುಖ ಬಗ್ಗಿಸಿದಳು. ನಗುವವರ ಮುಂದೆ ಎಡವಿ ಬೀಳುವುದಾದರೂ ಸರಿ, ಬಿದ್ದವರು ಎದ್ದು ಹೋಗಬಹುದು. ನಗುವವರ ಜೊತೆ ಕೂತು ತನ್ನನ್ನು ತಾನೇ ನಗಬೇಕಾಗಿ ಬಂದರೆ ಎಲ್ಲಿಗೆ ಹೋಗುವುದು?

ಆ ಫೋನನ್ನು ಇವಳು ಮಾಡಿದ್ದು ಹಳೆಯ ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಕೂತು. ಒಳಗೆ ಮಾತಾಡಿದರೆ ಗೋಡೆಯಾಚೆ ಕೇಳುತ್ತದೆಂದು. ಪಕ್ಕದಲ್ಲಿ ತಂಗಿ ಇವಳ ಭುಜ ಬಳಸಿಕೊಂಡು ಕೂತಿದ್ದಳು. ಅತ್ತ ಅವನು ಹಲೋ ಅಂದ. ಆ ಹಲೋದಲ್ಲಿ ತಾನು ಕೂರಿಸಿದ ಹಲ್ಲಿನ ಸದ್ದು ಕೇಳಿದ ಹಾಗಾಯಿತು ಇವಳಿಗೆ. ಅವನ ಪಕ್ಕದ ಹಲ್ಲಿನ ಹಳದಿಗೆ ಸರಿಯಾಗಿ ಬಣ್ಣ ಕೂಡಿಸಲು ಎಷ್ಟು ಒದ್ದಾಡಿದ್ದಳು. ಕಿಟಕಿಯ ಬೆಳಕಿಗೆ ಅವನನ್ನು ನಿಲ್ಲಿಸಿ, ‘ಈ ಅನ್ನು, ಇನ್ನೊಂದ್ಸಲ ಈ ಅನ್ನು’ ಎಂದು ನಗಿಸಿದ್ದಳು. ಆ ನಗು ಈಗ ಇನ್ಯಾವಳದೋ ಕಿಟಕಿಯಲ್ಲಿ. ಬಾ ಎನ್ನಲು ಮಾನ ಬಿಡಲಿಲ್ಲ, ಬರಬೇಡ ಎನ್ನಲು ಜೀವ ಬಿಡಲಿಲ್ಲ, ಬಾಯಿಗೆ ಬಂದದ್ದು ಹಲ್ಲು. ಆಮೇಲೆ ತಂಗಿಯ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ‘ಯಾರಿಗೂ ಹೇಳ್ಬೇಡ ಕಣೆ.’ ‘ನನ್ನಾಣೆ ಹೇಳಲ್ಲ, ಬಿಡಕ್ಕ.’ ಆಡಿದ ಮಾತು ಒಡೆದ ಮುತ್ತು ಎಂದು ಗಾದೆ ಮಾಡಿದವರಿಗೆ ಸಾವಿರ ಜನರ ಕಿವಿಗೆ ಒಟ್ಟಿಗೆ ಬೀಳುವ ಇಂಥ ಯಂತ್ರದ ಕಲ್ಪನೆ ಎಲ್ಲಿರಬೇಕು. ಮಧ್ಯಾಹ್ನದ ಹೊತ್ತಿಗೆ ಮೇಣದಪ್ಪ ಓದಿ ಹೇಳಿದ, ಅಭಿಮಾನಿಗಳೆಲ್ಲ ಅದನ್ನೇ ಹಿಡಿದುಕೊಂಡಿದ್ದಾರಂತೆ. ದೊಡ್ಡವಳ ಚಿತ್ರದ ಕೆಳಗೆ ಒಬ್ಬ ಬರೆದಿದ್ದಾನಂತೆ, ‘ಹಲ್ಲು ವಾಪಸ್ ಕೊಡು’. ಇನ್ನೊಬ್ಬ ಅದನ್ನು ಹಾಡು ಮಾಡಿದ್ದಾನಂತೆ. “ಅಕ್ಕಾ, ಆ ಇಕ್ಕಳ ವಾಪಸ್ ಕೊಡಿ,” ಎಂದು ಗಾರೆಯಮ್ಮನೂ ಶುರು ಮಾಡಿದಳು. ಇವಳು ಇಕ್ಕಳ ಕೊಟ್ಟಳು.

ಮುಯ್ಯಿಗೆ ಮುಯ್ಯಿ ಆಗಲೇಬೇಕು ಎಂದು ಇವಳಿಗೆ ಅನ್ನಿಸಿದ್ದು ಆ ಗಳಿಗೆಯಲ್ಲೇ. ತಾಳಿದವನು ಬಾಳಿಯಾನು ಅನ್ನುತ್ತಾರೆ. ಸುಳ್ಳು, ತಾಳಿದವನ ತಲೆಯ ಮೇಲೆ ಎಲ್ಲರೂ ಕಾಲಿಟ್ಟು ಹತ್ತುತ್ತಾರೆ. ತಂಗಿ ಊರಿಗೆಲ್ಲ ಹೇಳಿದಳು, ನಗಿಸಿದಳು, ಅಷ್ಟಾದರೂ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತೇನೋ. ಆ ‘ಪಾಪ’! ಬುದ್ಧಿ ಓಡುವುದೇ ಅಷ್ಟು, ಪಾಪ! ಕಳ್ಳಿ ಎನ್ನಲಿ, ರಾಕ್ಷಸಿ ಎನ್ನಲಿ, ದೊಡ್ಡವಳು ತಿಳಿದೇ ಬಿಟ್ಟಳು ಎನ್ನಲಿ. ಮೂರ್ಖಳು ಎಂದು ಕನಿಕರ ತೋರಿಸುವುದಕ್ಕೆ ಅವಳ್ಯಾರು? ಮತ್ತು ಆ ಕನಿಕರ ತೋರಿಸುವ ಬಾಯಿ, ಆ ಬಾಯಿಯ ಮುಂದಿನ ನಾಲ್ಕು ಹಲ್ಲು, ಇವಳದೇ ಕೈಕೆಲಸ. ತಂಗಿ ಕಾಲೇಜಿನ ದಿನಗಳಲ್ಲಿ ಸ್ಕೂಟರಿನಿಂದ ಬಿದ್ದು ಮೇಲಿನ ನಾಲ್ಕೂ ಹೋಗಿದ್ದವು. ತಿಂಗಳುಗಟ್ಟಲೆ ಅಂಗೈಯಿಂದ ಬಾಯಿ ಮುಚ್ಚಿಕೊಂಡೇ ಓಡಾಡಿದಳು. ಹಳೆಯ ಫೋಟೋ ಮುಂದಿಟ್ಟುಕೊಂಡು ಇವಳು ಹಲ್ಲು ಕಟ್ಟಿದಳು. ಎರಡನೆಯದು ಒಂದಿಷ್ಟು ಓರೆಯಾಗಿ ಪಕ್ಕದ್ದರ ಮೇಲೆ ಹತ್ತಿತ್ತು, ಹುಟ್ಟಿನಿಂದ ಹಾಗೆಯೇ, ಅದನ್ನೂ ಓರೆಯಾಗಿಯೇ ಕೂರಿಸಿದಳು. ಯಾರಿಗೂ ಇಂದಿಗೂ ಗೊತ್ತಿಲ್ಲ. ಮದುವೆಯಾಗಬೇಕಾದ ಹುಡುಗನಿಗೂ ಗೊತ್ತಿಲ್ಲ. ಆ ನಾಲ್ಕೂ ಹಲ್ಲನ್ನು ಹೊತ್ತು, ಎರಡು ಬದಿಯ ತಂತಿ ಕೊಕ್ಕೆಗಳಿಂದ ಬಾಯಲ್ಲಿ ನಿಲ್ಲುವ ಪ್ಲೇಟು ಈಗ ಬಿರುಕು ಬಿಟ್ಟು ಇವಳ ಮೇಜಿಗೇ ಬಂದಿತ್ತು. ಇವಳು ನಿನ್ನೆಯೇ ಕೂಡಿಸಿ, ಹೊಳಪು ಕೊಟ್ಟು, ನೀರಿನ ಲೋಟದಲ್ಲಿ ಹಾಕಿಟ್ಟಿದ್ದಳು. ನೀರಿನೊಳಗಿಂದ ತಂಗಿಯ ಹಲ್ಲು ಇವಳನ್ನೇ ನೋಡಿ ನಗುತ್ತಿತ್ತು.

ತಂಗಿ ಬಂದದ್ದು ಹಿಂಬಾಗಿಲಿನಿಂದ, ಮೂಗಿನ ತನಕ ಶಾಲು ಸುತ್ತಿಕೊಂಡು. ಮೇಣದಪ್ಪ ಎದ್ದು ಕುರ್ಚಿ ಕೊಟ್ಟ, “ಕೂತ್ಕೊಳಿ ಅಮ್ಮಾ, ಹಲ್ಲಾ?” ಎಂದ. ತಂಗಿ ತಲೆಯಾಡಿಸಿದಳು. ಬೆಳಿಗ್ಗೆಯೆಲ್ಲ ಯಾವ ದನಿಗೆ ಬಾಯಿ ಬಿಟ್ಟುಕೊಂಡು ಕೂತಿದ್ದನೋ ಆ ದನಿ ಎದುರಿಗೇ ಕೂತು, ಹಲ್ಲಿಲ್ಲದ ಬಾಯಿಂದ “ಥರಿ, ಥರಿ, ಥ್ಯಾಂಕ್ಥ್” ಅಂದರೂ ಅವನಿಗೆ ಗೊತ್ತಾಗಲಿಲ್ಲ. ಇವಳಿಗೆ ಒಳಗೊಳಗೇ ಒಂದು ಕೆಟ್ಟ ಖುಷಿ ಆಯಿತು.

“ಥಂಜೆ ಚರ್ಚೆ ಇದೆ ಅಕ್ಕ, ಲೈಬ್ರರಿ ಹಾಲಲ್ಲಿ. ಮೊದಲ್ನೇ ಥಲ ಎಲ್ಲರ ಎದುರಿಗೆ ಬರ್ತಿದೀನಿ. ಮುಖ ತೋರಿಥ್ತೀನಿ ಅಂತ ಹೇಳ್ಬಿಟ್ಟಿದೀನಿ. ರೆಡಿ ಇದೆ ತಾನೆ?” ತಂಗಿ ಕಿವಿಯ ಹತ್ತಿರ ಪಿಸುಗುಟ್ಟಿದಳು. ಆಮೇಲೆ, ಲೋಟದ ಕಡೆ ನೋಡುತ್ತ, “ಬೆಳಿಗ್ಗೆ… ಕೇಳಿದ್ಯಾ?”

“ಏನನ್ನ?”

“ಏನಿಲ್ಲ, ಬಿಡು.”

ಎಷ್ಟು ಸುಲಭ. ಈ ಭಾಷೆಯಲ್ಲಿ ಒಂದು ಬಿಡು ಅಂದರೆ ಮುಗಿಯಿತು. ಮಾತು ಬಿಡು, ಸಿಟ್ಟು ಬಿಡು, ಕೈ ಬಿಡು, ಹೋಗಲಿ ಬಿಡು, ಅಯ್ಯೋ ಬಿಡು. ಏನನ್ನು ಎಂದು ಹೇಳುವ ಹೊಣೆ ಅಂದವಳಿಗಿಲ್ಲ, ಹುಡುಕಿಕೊಳ್ಳುವ ಕರ್ಮ ಕೇಳಿಸಿಕೊಂಡವಳದು. ಇವಳು ಪ್ಲೇಟನ್ನು ನೀರಿನಿಂದೆತ್ತಿ ತಂಗಿಯ ಬಾಯಿಗಿಟ್ಟಳು. ಅಂಗುಳಕ್ಕೆ ಹೆಬ್ಬೆರಳು ತಾಗಿತು, ಬೆಚ್ಚಗೆ. ಚಿಕ್ಕಂದಿನಲ್ಲಿ ಮಣ್ಣು ತಿಂದ ಈ ಬಾಯಿಗೆ ಬೆರಳು ಹಾಕಿ ಕೆದಕಿ ತೆಗೆದದ್ದು ನೆನಪಾಗಿ ಕೈ ಒಂದು ಚೂರು ತಡೆಯಿತು. ಕಟ್ಟೆಂದು ಕೂತಿತು ಪ್ಲೇಟು. ತಂಗಿ ಕನ್ನಡಿ ನೋಡಿಕೊಂಡಳು, ಅದೇ ಓರೆ ಹಲ್ಲು, ಅದೇ ಗುಬ್ಬಿ. ಕಚ್ಚಿ ನೋಡಿದಳು. ಮುಖ ಹಿಂಡಿದಳು.

“ಎಡಗಡೆ ಕೊಕ್ಕೆ ಬಿಗಿ ಆಯ್ತು. ಸ್ವಲ್ಪ ಬಿಡಕ್ಕ.”

ಇವಳು ತಂಗಿಯ ಮುಖ ನೋಡಿದಳು. ತಾನು ಏನೆಂದೆ ಎಂಬ ಸುಳಿವೂ ಆ ಮುಖದಲ್ಲಿರಲಿಲ್ಲ. ಇವಳು ಪ್ಲೇಟನ್ನು ಈಚೆ ತೆಗೆದು, ದೀಪದ ಕೆಳಗೆ ಹಿಡಿದು, ಇಕ್ಕಳದ ಮೂತಿಯನ್ನು ತಂತಿಗೆ ಕೊಟ್ಟಳು. ಸ್ವಲ್ಪ ಎಂದರೆ ಎಷ್ಟೆಂದು ಈ ಕೈಗೆ ಗೊತ್ತು, ಕಣ್ಣು ಮುಚ್ಚಿಕೊಂಡೂ ಮಾಡಬಲ್ಲದು. ಅಷ್ಟು ಬಿಟ್ಟಳು. ಆಮೇಲೆ ಇನ್ನೊಂದಿಷ್ಟು ಬಿಟ್ಟಳು. ಬಲಗಡೆಯದಕ್ಕೆ ಏನೂ ಆಗಿರಲಿಲ್ಲ, ಅದನ್ನೂ ಒಂಚೂರು ಹೊರಕ್ಕೆ ತಿರುಗಿಸಿದಳು. ಈಗ ಕೂರುತ್ತದೆ, ನಕ್ಕರೂ ನಿಲ್ಲುತ್ತದೆ, ಬಾಯಿ ಬಿಸಿಯಾಗಿ ಎಂಜಲು ತುಂಬಿ ಮಾತು ರಭಸಕ್ಕೆ ಬಂತೋ, ಜಾರುತ್ತದೆ. ಬೆನ್ನ ಹಿಂದೆ ಗಾರೆಯಮ್ಮ ಸಂಜೆಗೆ ಯಾವ ಬಸ್ಸು ಎಂದು ಮೇಣದಪ್ಪನನ್ನು ಕೇಳುತ್ತಿದ್ದಳು. ತಂಗಿ ಮತ್ತೆ ಹಾಕಿಕೊಂಡು, “ಆಹಾ, ಈಗ ಹಿತವಾಯ್ತು,” ಎಂದು ಇವಳ ಕೆನ್ನೆ ಹಿಂಡಿ, ಶಾಲು ಸುತ್ತಿಕೊಂಡು ಹಿಂಬಾಗಿಲಿನಿಂದಲೇ ಹೋದಳು.

ಲೈಬ್ರರಿಯ ಮೇಲಿನ ಹಾಲಿನಲ್ಲಿ ಕುರ್ಚಿಗಳು ಸಾಲದೆ ಜನ ಗೋಡೆಗೊರಗಿ ನಿಂತಿದ್ದರು. ಕೆಲವರ ತಲೆಗೆ ಕಾಗದದ ಚೂಪು ಟೋಪಿ, ಕೆಲವರ ಕೈಯಲ್ಲಿ ಮನೆಯಿಂದ ತಂದ ಪೊರಕೆ. ಒಬ್ಬ ದೊಡ್ಡ ಮನುಷ್ಯ, ಬ್ಯಾಂಕಿನಲ್ಲಿ ಕೆಲಸ ಇರಬೇಕು, ಕತ್ತಿನ ಗುರುತಿನ ಚೀಟಿಯನ್ನೂ ತೆಗೆಯದೆ ಓಡಿಬಂದಿದ್ದ, ಕಾಗದದಲ್ಲಿ ಕತ್ತರಿಸಿದ ಒಂದು ಹಲ್ಲನ್ನು ಎದೆಗೆ ಅಂಟಿಸಿಕೊಂಡಿದ್ದ. ಇವಳು ಹಿಂದಿನ ಸಾಲಿನಲ್ಲಿ ಕಂಬದ ಪಕ್ಕ ಕೂತಳು. ಮೇಣದಪ್ಪ, ಗಾರೆಯಮ್ಮ ಮುಂದೆಲ್ಲೋ ಇದ್ದರು; ‘ಅಕ್ಕಾ, ನೀವೂ ಬಂದ್ರಾ!’ ಎಂದು ಕೈ ಬೀಸಿದರು. ತಂಗಿ ವೇದಿಕೆ ಹತ್ತಿದ್ದೇ ತಡ, ಯಾರೋ ಶುರು ಮಾಡಿದರು, “ಹಲ್ಲು ವಾಪಸ್!” ಇಡೀ ಹಾಲೇ ಹಿಡಿದುಕೊಂಡಿತು. “ಹಲ್ಲು ವಾಪಸ್! ಹಲ್ಲು ವಾಪಸ್!” ಮೆಟ್ಟಿಲ ಮೇಲೆ ಒಬ್ಬಳೇ ಒಬ್ಬಳ ಕಿವಿಗೆ ಬಿದ್ದಿದ್ದ ಮಾತು. ತಂಗಿ ಎರಡೂ ಕೈ ಎತ್ತಿ, ಓರೆ ಹಲ್ಲು ತೋರಿಸಿ ನಕ್ಕಳು. ನಗು, ನಗು, ಇನ್ನೊಂದ್ಸಲ ಈ ಅನ್ನು, ಎಂದು ಇವಳ ಮನಸ್ಸು ಹಲ್ಲು ಕಚ್ಚಿಕೊಂಡು ಹೇಳಿತು.

ಚರ್ಚೆ ಕಾವೇರಿತು. ತ್ಯಾಗದವರು ಎದ್ದರು, ಕ್ಷಮೆಯವರು ಎದ್ದರು. ಒಬ್ಬ ಮುದುಕಿ ಎದ್ದು, ‘ಎರಡೂ ಅಲ್ಲಪ್ಪ, ಕೈ ನೋಯ್ತಿತ್ತು ಅಂತ ಅಂದ್ಲು ಅಷ್ಟೆ’ ಎಂದು ಚಪ್ಪಾಳೆ ಗಿಟ್ಟಿಸಿದಳು. ತಂಗಿ ಎಲ್ಲರಿಗೂ ಉತ್ತರ ಕೊಡುತ್ತಿದ್ದಳು, ಸರಸರ, ಪಟಪಟ, ಒಂದಕ್ಷರ ಜಾರದ ಹಾಗೆ. ಪ್ಲೇಟು ನಿಂತಿತ್ತು. ಎಷ್ಟು ಚೆನ್ನಾಗಿ ಮಾತಾಡುತ್ತಾಳೆ ಎಂದು ಇವಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ರೇಗಿತು. ಬೀಳದೇ ಇದ್ದರೆ ಎಂಬ ಹೆದರಿಕೆ ಒಂದು ಕಡೆ, ಬಿದ್ದರೆ ಎಂಬ ಹೆದರಿಕೆ ಇನ್ನೊಂದು ಕಡೆ. ಎರಡರ ನಡುವೆ ಕೂರಲಾರದೆ ಕೈ ಎತ್ತಿದಳು. ಮೈಕು ಬಂತು.

“ದೊಡ್ಡವಳಿಗೆ ಅರ್ಥ ಆಗ್ಲಿಲ್ಲ ಅಂತೀರಲ್ಲ. ಆಗಿತ್ತು ಅನ್ನೋಕೆ ನಿಮಗ್ಯಾಕೆ ಭಯ?”

ತಂಗಿಗೆ ದನಿ ಗುರುತಾಯಿತು. ಕಣ್ಣು ಸಾಲುಗಳ ಮೇಲೆ ಓಡಿ ಕಂಬದ ಹತ್ತಿರ ನಿಂತಿತು. ಮುಖ ಬಿಳಿಚಿತು. ಬೆಳಿಗ್ಗೆಯದನ್ನು ಅಕ್ಕ ಕೇಳಿದ್ದಾಳೆ ಎಂದು ಅವಳಿಗೆ ಆಗಲೇ ತಿಳಿದದ್ದು. ನೀರು ಕುಡಿದಳು. “ಭಯ ಅಲ್ಲ,” ಅಂದಳು. “ಅರ್ಥ ಆಗಿ ಬಿಟ್ಟಿದ್ರೆ ಅವಳು… ಅವಳು ಅಷ್ಟು ಕೆಟ್ಟವಳಲ್ಲ. ಸ್ವಂತ ತಂಗೀನ ಯಾರಾದ್ರೂ, ನಾನು ಹೇಳ್ತೀನಿ ಕೇಳಿ, ದೊಡ್ಡವಳು ಸಾಯೋ ತನಕ ಅವಳನ್ನ—”

ಮೈಕಿನೊಳಗೆ ಟಕ್ಕೆಂದು ಸದ್ದಾಯಿತು. ಮೇಜಿನ ಮೇಲೆ ಗುಲಾಬಿ ಬಣ್ಣದ ಚಿಕ್ಕದೊಂದು ವಸ್ತು ಬಿದ್ದು, ಮಗುಚಿ, ಅಂಗಾತವಾಯಿತು. ಎದೆಗೆ ಕಾಗದದ ಹಲ್ಲು ಅಂಟಿಸಿಕೊಂಡವನು ಎದ್ದು ನಿಂತು, ಇದೂ ಆಟದಲ್ಲೇ ಒಂದು ಎಂದುಕೊಂಡು, ಸಂತೋಷ ತಡೆಯಲಾರದೆ ಕೂಗಿದ, “ಹಲ್ಲೂ!” ಹಾಲೇ ಬಿರಿಯುವ ಹಾಗೆ ಜನ ನಕ್ಕರು. ಸೀಟಿ, ಚಪ್ಪಾಳೆ, ನೆಲಕ್ಕೆ ಪೊರಕೆ ಕುಟ್ಟುವ ಸದ್ದು. “ಹಲ್ಲು ವಾಪಸ್! ಹಲ್ಲು ವಾಪಸ್!” ತಂಗಿ ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಿಂತಳು. ಮುಂದಿನ ಸಾಲಿನಲ್ಲಿ ಆ ಹುಡುಗ, ಮದುವೆಯಾಗಬೇಕಾದವನು, ಚಪ್ಪಾಳೆ ತಟ್ಟುತ್ತಿದ್ದವನು ತಟ್ಟುವುದನ್ನು ನಿಲ್ಲಿಸಿದ. ಇವಳಿಗೆ ಹಿತವಾಯಿತು. ಸುಳ್ಳೇಕೆ, ಬಾಯಾರಿದವರಿಗೆ ನೀರು ಸಿಕ್ಕಷ್ಟು ಹಿತವಾಯಿತು. ನಗಿ, ಎಲ್ಲರೂ ನಗಿ, ಈಗ ನಾನು ನಗಬೇಕಾಗಿಲ್ಲ ಎಂದುಕೊಂಡಳು. ಗಾರೆಯಮ್ಮ ತಿರುಗಿ ‘ನೋಡಿದ್ರಾ ಅಕ್ಕಾ!’ ಎಂದು ಸನ್ನೆ ಮಾಡಿದಳು. ನೋಡಿದೆ ಎಂದು ಇವಳು ತಲೆಯಾಡಿಸಿದಳು.

ಮೆಟ್ಟಿಲಿಳಿದು ಬರುವಾಗ ತಂಗಿ ಶಾಲು ಸುತ್ತಿಕೊಂಡಿದ್ದಳು. ಹುಡುಗ ಜೊತೆಗಿರಲಿಲ್ಲ. ಪಕ್ಕದಲ್ಲಿ ಇಳಿಯುತ್ತಿದ್ದ ಜನ ‘ಸೂಪರ್ ಗುಬ್ಬಿ, ಎಂಥಾ ಐಡಿಯಾ!’ ಎನ್ನುತ್ತ ಹೋಗುತ್ತಿದ್ದರು. ತಂಗಿ ನೇರ ಇವಳ ಹತ್ತಿರ ಬಂದು, ಕರ್ಚೀಫಿನಲ್ಲಿ ಸುತ್ತಿದ್ದನ್ನು ಇವಳ ಕೈಗೆ ಕೊಟ್ಟಳು. ಕಣ್ಣು ಕೆಂಪಾಗಿದ್ದವು. ಬಯ್ಯುತ್ತಾಳೆ, ಈಗ ಬಯ್ಯುತ್ತಾಳೆ, ಎಂದು ಇವಳು ಕಾದಳು. ಅದಕ್ಕಾಗಿಯೇ ಮೆಟ್ಟಿಲ ಕೆಳಗೆ ನಿಂತಿದ್ದಳು. ಕಸುಬಿನ ಬಾಯಿ ಮಾತ್ರ ಸುಮ್ಮನಿರಲಿಲ್ಲ, ನೆಲಮಾಳಿಗೆಯಲ್ಲಿ ದಿನವೂ ಎಲ್ಲರನ್ನೂ ಕೇಳುವ ಹಾಗೆ ಕೇಳಿಬಿಟ್ಟಿತು:

“ಯಾವ ಕಡೆ ಬಿಡ್ತು?”

“ಎಡಗಡೆ,” ಅಂದಳು ತಂಗಿ, ಶಾಲಿನೊಳಗಿಂದ. “ನಿಂದೇನೂ ತಪ್ಪಿಲ್ಲ ಅಕ್ಕ. ನಾನೇ ಬಿಡು ಅಂದಿದ್ದು. ನೀನು ನಾನು ಹೇಳ್ದಷ್ಟು ಮಾಡ್ದೆ, ಪಾಪ.” ಆಮೇಲೆ ಇವಳ ತೋಳು ಹಿಡಿದುಕೊಂಡಳು. “ಪಂಚಾಯ್ತೀಲಿ ನಾನು ಹಾಗೆ ಹೇಳ್ಬಾರ್ದಿತ್ತು. ಮಾತಿನ ಭರದಲ್ಲಿ ಬಂದ್ಬಿಡ್ತು. ಥಿಟ್ಟು ಮಾಡ್ಕೋಬೇಡ.”

ಇವಳು ಅಲ್ಲಿಗೇ ನಿಲ್ಲಿಸಬಹುದಿತ್ತು. ತೋಳಿನ ಮೇಲೆ ತಂಗಿಯ ಕೈ ಇನ್ನೂ ಇತ್ತು. ಅದರ ಮೇಲೆ ತನ್ನ ಕೈ ಇಟ್ಟಿದ್ದರೆ ಸಾಕಿತ್ತು. ಇಬ್ಬರೂ ಬಸ್ಸು ಹತ್ತಿ ಮನೆಗೆ ಹೋಗುತ್ತಿದ್ದರು, ನಾಳೆ ಕೊಕ್ಕೆ ಬಿಗಿಮಾಡಿ ಕೊಡುತ್ತಿದ್ದಳು, ಹುಡುಗನಿಗೆ ಏನೋ ಒಂದು ಹೇಳಿ ಒಪ್ಪಿಸುತ್ತಿದ್ದರು. ಯಾರಿಗೂ ಎಂದಿಗೂ ತಿಳಿಯುತ್ತಿರಲಿಲ್ಲ. ಅದೇ ಇವಳಿಗೆ ಸಹಿಸಲಾಗಲಿಲ್ಲ. ಆ ‘ಪಾಪ’ ಇನ್ನೂ ಹಾಗೆಯೇ ಕಿವಿಯಲ್ಲಿ ಕೂತಿತ್ತು.

“ಸ್ವಲ್ಪ ಅಂದಿದ್ದೆ ನೀನು,” ಅಂದಳು ಇವಳು. “ಎಡಗಡೆ ಸ್ವಲ್ಪ. ನಾನು ಎರಡೂ ಕಡೆ ಬಿಟ್ಟೆ.”

ತಂಗಿಗೆ ಮೊದಲು ತಿಳಿಯಲಿಲ್ಲ. ನಂಬಿದವರ ಮುಖದಲ್ಲಿ ಇರುವಂಥ ಒಂದು ದಡ್ಡತನ ಅವಳ ಮುಖದಲ್ಲಿ ಇನ್ನೂ ಒಂದಿಷ್ಟು ಹೊತ್ತು ಇತ್ತು.

“ನಂಗೆ ಚೆನ್ನಾಗೇ ಅರ್ಥ ಆಗಿತ್ತು ಕಣೆ,” ಅಂದಳು ಇವಳು.

ತಂಗಿ ತೋಳಿನಿಂದ ಕೈ ತೆಗೆದಳು. ಜನ ಇಳಿಯುತ್ತಲೇ ಇದ್ದರು. ಯಾರೋ ಪೊರಕೆ ತಾಗಿಸಿಕೊಂಡು ಹೋಗಿ ಸಾರಿ ಎಂದರು. ಶಾಲು ಜಾರಿ ಬಾಯಿ ಕಾಣುತ್ತಿತ್ತು, ಅದನ್ನು ಮುಚ್ಚಿಕೊಳ್ಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಇವಳ ಮುಂದೆ ಅಂಗೈ ಚಾಚಿ ನಿಂತಳು. ಏನು ಕೇಳುತ್ತಿದ್ದಾಳೆಂದು ಇವಳಿಗೆ ತಿಳಿಯಿತು. ಕರ್ಚೀಫಿನ ಸಮೇತ ಅದನ್ನು ಆ ಅಂಗೈಯಲ್ಲಿಟ್ಟಳು. ತಂಗಿ ಬೆರಳು ಮುಚ್ಚಿಕೊಂಡು, ಬಸ್ಸಿನ ಕಡೆಗಲ್ಲದೆ ಬೇರೆ ದಾರಿ ಹಿಡಿದು ಹೋದಳು. ಬೇರೆ ಯಾರಿಗೂ ಆ ಪ್ಲೇಟು ಸರಿಮಾಡಲು ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.